ಗೋಗ್ರಾಸದ ಕಲ್ಲು ಯಾರ ಜಾಗದಲ್ಲಿದೆ

ಡುವಾಲ್,
ನವೆಂಬರ್ ೪, ಮಂಗಳವಾರ

ಪ್ರೀತಿಯ ಅತ್ತೆಗೆ,

ಗ್ರೀಷ್ಮಾಳ ನಮಸ್ಕಾರ. ಮೊಣಕಾಲು ಹೇಗಿದೆ? ಇಲ್ಲಿಂದ ಒಯ್ದ ಮೊಣಕಾಲಿನ ಪಟ್ಟಿಯನ್ನು ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಹೊಸದು ಕೊಳೆಯಾದೀತು ಎಂದು ಬೀರುವಿನಲ್ಲಿಟ್ಟಿದ್ದೀರೋ? ಮಾವನ ಕಣ್ಣಿಗೆ ಡ್ರಾಪ್ಸ್ ಹಾಕುವುದನ್ನು ಅವರ ಕೈಗೇ ಬಿಡಬೇಡಿ, ಅರ್ಧ ಕೆನ್ನೆಗೆ ಹೋಗುತ್ತದೆ. ಇಳಾ ಚೆನ್ನಾಗಿದ್ದಾಳೆ. ಹಲ್ಲು ಬರುವ ಹಾಗಿದೆ, ನನ್ನ ಭುಜ, ರಿಮೋಟು, ನೀವು ಬಿಟ್ಟುಹೋದ ಮರದ ಗಿಲಕಿ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನಿದ್ದೆ ಮಾತ್ರ ಕಾರಿನಲ್ಲಿ. ತೊಟ್ಟಿಲಿನಲ್ಲಿ ಇಟ್ಟ ತಕ್ಷಣ ಎಚ್ಚರ. ಅದಕ್ಕೇ ಈಗ ಮನೆಯ ಮುಂದೆಯೇ ಕಾರು ನಿಲ್ಲಿಸಿ, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಲು ಬಿಟ್ಟು, ಸ್ಟಿಯರಿಂಗ್ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿದ್ದರೆ ಬೈಯಬೇಡಿ, ನಾನೇ ಈಗ ನೆಟ್ಟಗಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ಫೋನು ಸದಾ ಸ್ಪೀಕರಿನಲ್ಲಿರುತ್ತದೆ. ನಾನು ಒಂದು ಮಾತು ಆಡುವುದರೊಳಗೆ ಮಾವ ಅಲ್ಲಿಂದ ಸಲಹೆ ಕೊಡುತ್ತಾರೆ, ಮೇಲಿನ ಮನೆಯ ವಸಂತಲಕ್ಷ್ಮಿ ಆಂಟಿ ಮಗುವಿಗೆ ದೃಷ್ಟಿ ತೆಗೆಯಲು ಹೇಳುತ್ತಾರೆ, ಇಲ್ಲಿ ನಿಮ್ಮ ಮಗ ಜಯಂತ ನನ್ನ ಕೈಯಿಂದ ಫೋನು ಕಿತ್ತುಕೊಂಡು ಎಲ್ಲ ಆರಾಮ್ ಅಮ್ಮ ಎಂದುಬಿಡುತ್ತಾನೆ. ಹಾಳೆಗಳ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುತ್ತೇನೆ. ಎರಡು ಬೆರಳಲ್ಲಿ ದೊಡ್ಡದು ಮಾಡಿಕೊಂಡು, ಒಬ್ಬರೇ ಕೂತು ಓದಿ.

ವಿಷಯ ನಿಮ್ಮ ಗೋಗ್ರಾಸದ್ದು. ಮೈಸೂರಿನಲ್ಲಿ ಅಡುಗೆಯಾದ ಮೇಲೆ ಮೊದಲ ತುತ್ತನ್ನು ಗೇಟಿನ ಹತ್ತಿರ ಕಾಯುವ ಹಾಲಿನವರ ಹಸುವಿಗೆ ಕೊಡದೆ ನೀವು ಊಟಕ್ಕೆ ಕೂತವರಲ್ಲ. ಬಾಣಂತನಕ್ಕೆಂದು ಈ ಪರದೇಶಕ್ಕೆ ಬಂದ ಮೊದಲ ವಾರ ಅನ್ನ ತುಪ್ಪ ಹಿಡಿದುಕೊಂಡು ಯಾರಿಗೆ ಕೊಡಲಿ ಎಂದು ನಿಂತಿದ್ದಿರಿ. ಹಿತ್ತಲಿನ ಕಡೆ ಜಿಂಕೆ ಕಂಡದ್ದೇ ತಡ, ಹಸು ಇಲ್ಲದ ಊರಲ್ಲಿ ಇದೇ ಹಸು ಅಂದಿರಿ. ಮರಗಳ ಬುಡದ ಆ ಚಪ್ಪಟೆ ಕಲ್ಲನ್ನು ತೊಳೆದು, ಒಂದೆಳೆ ರಂಗೋಲಿ ಎಳೆದು, ದಿನಾ ಒಂದು ತುತ್ತು ಅನ್ನ, ಶುಕ್ರವಾರ ನೆನೆಸಿದ ಕಡಲೆ ಬೆಲ್ಲ. ನಾನು ಬಾಣಂತಿ, ಕಿಟಕಿಯಿಂದ ನೋಡಿ ನಗುತ್ತಿದ್ದೆ. ಆಗ ನನಗೂ ಚೆಂದವೇ ಕಂಡಿತ್ತು, ಸುಳ್ಳು ಹೇಳುವುದಿಲ್ಲ.

ಪಕ್ಕದ ಜಮೀನಿನ ವೆಂಡೆಲ್ ನಿಮಗೆ ಗೊತ್ತು, ಚೌಕಳಿ ಅಂಗಿಯ, ಬಿಳಿ ಗಡ್ಡದ ಹಿರಿಯರು. ‘ಒಳ್ಳೇ ಮನುಷ್ಯ ಕಣೆ, ನಗೋದಕ್ಕೆ ಮಾತ್ರ ಕಾಸು ಕೊಡ್ಬೇಕು’ ಅಂದಿದ್ದಿರಿ. ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಮನೆಗೆ ಬರುವ ಜಲ್ಲಿ ರಸ್ತೆ ಇರುವುದು ಅವರ ಜಮೀನಿನ ಮೇಲೆ. ಹೋದ ಚಳಿಗಾಲ ಹಿಮ ಬಿದ್ದಾಗ, ತುಂಬಿದ ಬಸುರಿ ಮನೆಯಲ್ಲಿದ್ದಾಳೆ ಎಂದು, ಹೇಳಿಸಿಕೊಳ್ಳದೆ ಟ್ರ್ಯಾಕ್ಟರ್ ತಂದು ದಾರಿ ಬಿಡಿಸಿದ್ದರು. ಆ ಮನುಷ್ಯ ಪ್ರತಿ ಅಕ್ಟೋಬರಿನಲ್ಲಿ ತಮ್ಮ ಜಮೀನಿನಲ್ಲಿ ಜಿಂಕೆ ಬೇಟೆಯಾಡುತ್ತಾರೆ ಎಂದು ಮನೆ ಕೊಳ್ಳುವಾಗ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಿಮ್ಮ ಮಗನ ಕಿವಿಗೆ ಬೀಳುತ್ತಿರಲಿಲ್ಲ. ಬಾಥೆಲ್‌ನ ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆ ಬಿಟ್ಟು ಎರಡು ಎಕರೆಗೆ ಯಜಮಾನನಾಗುವ ಅವಸರ ಅವನಿಗೆ. ಇಲ್ಲಿ ಬೇಲಿಯೂ ಇಲ್ಲ. ನಮ್ಮದು ಎಲ್ಲಿ ಮುಗಿಯಿತು, ಅವರದು ಎಲ್ಲಿ ಶುರುವಾಯಿತು ಎಂಬುದು ಹುಲ್ಲಿನೊಳಗೆ ಹೂತ ಎರಡು ಗೂಟಗಳಿಗೇ ಗೊತ್ತು.

ನೀವು ಹೊರಟುಹೋದ ಮೇಲೆ ಒಂದು ಶನಿವಾರ, ಇನ್ನೂ ಮಬ್ಬು ಬೆಳಕು, ಹಿತ್ತಲಿನ ಕಡೆಯಿಂದ ಗುಂಡಿನ ಸದ್ದು. ಇಳಾ ಎರಡೂ ಕೈ ಮೇಲೆತ್ತಿ ಬೆಚ್ಚಿಬಿದ್ದು ಅತ್ತವಳು ಮಧ್ಯಾಹ್ನದವರೆಗೂ ಸಮಾಧಾನವಾಗಲಿಲ್ಲ. ಹಾಗೆಂದು ಎಲ್ಲರೂ ಮಾಡುವುದೇನು? ಹೋಗಿ ಕದ ತಟ್ಟಿ, ಅಪ್ಪಾ, ಮಗು ಇದೆ, ಎತ್ತ ಕಡೆ ಹೊಡೆಯುತ್ತೀರಿ ಎಂದು ಕೇಳುವುದು. ನಿಮ್ಮ ಮಗ ಇಂಟರ್‌ನೆಟ್ಟಿನಲ್ಲಿ ಕಾನೂನು ಓದಿದ. ರೆಡ್ಮಂಡ್ ಆಫೀಸಿನ ಯಾರದೋ ಭಾವ ವಕೀಲರಂತೆ, ಅವರಿಗೆ ಮೇಲ್ ಬರೆದ. ಸಾಲದು ಎಂದು ಅಂಗಡಿಯಿಂದ ‘ಇಲ್ಲಿ ಬೇಟೆ ನಿಷೇಧ, ಅತಿಕ್ರಮಣ ನಿಷೇಧ’ ಎಂಬ ಕಿತ್ತಳೆ ಬೋರ್ಡುಗಳನ್ನು ತಂದು ಆ ಕಲ್ಲಿನ ಹಿಂದಿನ ಮರಗಳಿಗೆ ಮೊಳೆ ಹೊಡೆದು ಬಂದ. ಬಂದು, ಲಗ್ನಪತ್ರಿಕೆ ಬರೆಸಿದಷ್ಟು ಸಂಭ್ರಮದಲ್ಲಿ ಕಾಫಿ ಕೇಳಿದ.

ಮಾರನೆಯ ವಾರ ವೆಂಡೆಲ್ ಮನೆಗೆ ಬಂದರು. ಜಯಂತ ಆಫೀಸಿನಲ್ಲಿದ್ದ. ಇಳಾ ನನ್ನ ಸೊಂಟದ ಮೇಲೆ, ತಲೆಗೆ ಎಣ್ಣೆ, ನನ್ನ ಅವತಾರ ಕೇಳಬೇಡಿ. ಅವರು ಟೋಪಿ ತೆಗೆದು, ಬಾಗಿಲಲ್ಲೇ ನಿಂತು, ಫೋನು ಮುಂದೆ ಹಿಡಿದರು. ಜಿಂಕೆಯ ಓಡಾಟ ನೋಡಲು ಅವರು ಮರಕ್ಕೆ ಒಂದು ಕ್ಯಾಮೆರಾ ಕಟ್ಟಿದ್ದಾರೆ. ಅದರಲ್ಲಿ ನೀವು. ಹಸಿರು ಸೀರೆಯ ಮೇಲೆ ಜಯಂತನ ಕಂದು ಬಣ್ಣದ ದಪ್ಪ ಜಾಕೆಟ್ಟು, ಕಾಲಿಗೆ ನನ್ನ ಬೂಟು, ಕಲ್ಲಿನ ಸುತ್ತ ನೀರು ಚಿಮುಕಿಸಿ, ಕೈಮುಗಿದು ನಿಂತಿದ್ದೀರಿ. ಎದುರಿಗೆ ಜಿಂಕೆಯೂ ಗಂಭೀರವಾಗಿ ನಿಂತಿದೆ. ‘ಇವರು ಯಾರು ಅಂತ ಗೊತ್ತಾಯ್ತು, ಏನು ಮಾಡ್ತಿದ್ದಾರೆ ಅಂತ ಗೊತ್ತಾಗ್ಲಿಲ್ಲ’ ಎಂದರು. ನಾನು ನನಗೆ ಬಂದ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಊಟಕ್ಕೆ ಮೊದಲು ಹಸುವಿಗೆ ಒಂದು ಪಾಲು ಕೊಡುತ್ತಾರೆ ಎಂದೆ. ‘ಇದು ಹಸು ಅಲ್ಲ’ ಎಂದರು. ಗೊತ್ತು ಎಂದೆ. ‘ಅವರಿಗೆ ಗೊತ್ತಾ?’ ಎಂದರು. ಅತ್ತೆ, ನಗಲೂ ಆಗದೆ, ನಗದಿರಲೂ ಆಗದೆ, ಮಗುವಿನ ಕೂದಲಲ್ಲಿ ಮುಖ ಹುದುಗಿಸಿದೆ.

ಆಮೇಲೆ ಕೂತು ನಿಧಾನವಾಗಿ ಹೇಳಿದರು. ಕಲ್ಲಿನ ಮೇಲಿನ ಬಿಳಿ ಗೆರೆ ನೋಡಿ, ಯಾರೋ ತಮ್ಮ ಜಮೀನನ್ನು ಅಳೆಯುತ್ತಿದ್ದಾರೆ ಎಂದು ಹೆದರಿ ಅವರು ಸರ್ವೆಯವರನ್ನು ಕರೆಸಿದರಂತೆ. ಅಳೆದು ನೋಡಿದರೆ ಕಲ್ಲು ಅವರದು. ಜಯಂತ ಬೋರ್ಡು ಹೊಡೆದ ಮರಗಳೂ ಅವರವು. ಅಂದರೆ ಅವರ ಜಾಗಕ್ಕೆ ನುಗ್ಗಿ, ಅವರ ಮರಕ್ಕೆ ಮೊಳೆ ಹೊಡೆದು, ಅತಿಕ್ರಮಣ ಮಾಡಬೇಡಿ ಎಂದು ಅವರಿಗೇ ಬರೆದವರು ನಾವು. ಅದಕ್ಕಿಂತ ದೊಡ್ಡದು ಇನ್ನೊಂದು. ತಿಂಡಿ ಹಾಕಿ ಜಿಂಕೆಯನ್ನು ಕರೆದು ಹೊಡೆಯುವುದು ಇಲ್ಲಿ ತಪ್ಪಂತೆ. ಅವರ ಜಾಗದಲ್ಲಿ ಅನ್ನ ಕಡಲೆ ಇರುವುದನ್ನು ಬೇಟೆಯ ಇಲಾಖೆಯವರು ಕಂಡರೆ ಲೈಸೆನ್ಸು ಹೋಗುವುದು ಅವರದು. ‘ಅರಿಶಿನದ ಅನ್ನ ಹಾಕಿದ್ದು ನಾನಲ್ಲ ಅಂದ್ರೆ ಯಾರು ನಂಬ್ತಾರೆ’ ಎಂದರು. ನಿಮ್ಮ ಚಿತ್ರಾನ್ನ ಅತ್ತೆ, ಅದು ಇಷ್ಟು ದೂರ ಹೋಗುತ್ತದೆ ಎಂದು ನಾನೂ ಎಣಿಸಿರಲಿಲ್ಲ.

ಆದರೂ ಕೂಗಾಡಲಿಲ್ಲ. ಇಳಾ ಬೆಚ್ಚಿದ್ದನ್ನು ಹೇಳಿದೆ. ತಮ್ಮ ಬೇಟೆಯ ಅಟ್ಟಣೆಯನ್ನು ತಮ್ಮ ಜಮೀನಿನಲ್ಲಿ ಹರಿಯುವ ತೊರೆಯ ಆಚೆಗೆ ಒಯ್ಯುತ್ತೇನೆ, ನಮ್ಮ ಮನೆಗೆ ಬೆನ್ನು ಮಾಡಿ ಕೂರುತ್ತೇನೆ ಎಂದರು. ನಾವು ಮಾಡಬೇಕಾದ್ದು ತಿಂಡಿ ಹಾಕುವುದನ್ನು ನಿಲ್ಲಿಸುವುದು, ಬೋರ್ಡು ತೆಗೆಯುವುದು, ಬೇಟೆಯ ದಿನಗಳಲ್ಲಿ ಹಿತ್ತಲಿಗಿಳಿದರೆ ದೂರಕ್ಕೇ ಕಾಣುವ ಕಿತ್ತಳೆ ಬಣ್ಣದ, ತೋಳಿಲ್ಲದ ವೆಸ್ಟ್ ಹಾಕಿಕೊಳ್ಳುವುದು. ಎರಡು ವೆಸ್ಟುಗಳನ್ನು ಅವರೇ ತಂದಿದ್ದರು. ಕೈಕುಲುಕಿ ಒಪ್ಪಿದೆ. ಇದಕ್ಕಿಂತ ನ್ಯಾಯವಾಗಿ ಯಾವ ನೆರೆಯವರು ಮಾತಾಡುತ್ತಾರೆ, ನೀವೇ ಹೇಳಿ.

ಸಂಜೆ ನಿಮ್ಮ ಮಗ ಬಂದ. ‘ನನ್ನನ್ನ ಕೇಳ್ದೆ ನೀನ್ಯಾಕೆ ಒಪ್ಕೊಂಡೆ’ ಎಂದು ಶುರುವಾಯಿತು. ಕಲ್ಲು ಅವರದಾದರೆ ಆಯಿತು, ನಾಲ್ಕು ಹೆಜ್ಜೆಯ ಮಾತು, ಅದಕ್ಕೆ ಇಷ್ಟು ರಂಪವೇ ಎಂದ. ಬೈದು ಬೈದು ಬೋರ್ಡು ತೆಗೆಸಿದೆ. ವೆಸ್ಟು ಹಾಕಿಕೊಂಡರೆ ರಸ್ತೆ ರಿಪೇರಿಯ ಕೋನ್ ಥರ ಕಾಣುತ್ತೀನಿ ಎಂದು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ. ಗೋಗ್ರಾಸ ಮಾತ್ರ ಬಿಡಲಿಲ್ಲ. ‘ಅಮ್ಮ ಆರು ತಿಂಗಳು ಬಾಣಂತನ ಮಾಡಿ ಹೋಗಿದಾಳೆ, ಹೋಗ್ತಾ ಕೇಳಿದ್ದು ಇದೊಂದೇ. ಅದನ್ನೂ ತಪ್ಪಿಸ್ಬೇಡ ನೀನು’ ಎನ್ನುತ್ತಾನೆ. ಕಾಫಿಗೆ ಡಿಕಾಕ್ಷನ್ ಹಾಕಲು ಬಾರದವನು ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ, ಪುಟ್ಟ ಕುಕ್ಕರ್ ಇಟ್ಟು, ಅದರ ಕೂಗಿಗೆ ಮಗುವನ್ನು ಎಬ್ಬಿಸಿ, ಮಗುವನ್ನು ನನ್ನ ಕೈಗೆ ಕೊಟ್ಟು, ತಟ್ಟೆ ಹಿಡಿದು ಹೋಗುತ್ತಾನೆ. ಕಲ್ಲಿನ ಫೋಟೋ ನಿಮಗೆ ಕಳಿಸಿ, ಆಫೀಸಿಗೆ ಓಡುತ್ತಾನೆ. ನೀವು ಕೈಮುಗಿದ ಚಿತ್ರ ಕಳಿಸುತ್ತೀರಿ. ಅದನ್ನು ನನಗೆ ಪದಕದ ಹಾಗೆ ತೋರಿಸುತ್ತಾನೆ. ಇಷ್ಟೆಲ್ಲ ನಡೆದದ್ದನ್ನು ಅವನು ನಿಮಗೆ ಹೇಳಿಲ್ಲ ಎಂದು ಬಲ್ಲೆ.

ನಿಮ್ಮ ಮೇಲೆ ನನಗೆ ಕೋಪವಿಲ್ಲ ಅತ್ತೆ. ಇದ್ದರೂ, ನೀವು ನನಗೆ ಎಣ್ಣೆ ನೀರು ಹಾಕಿದ ದಿನಗಳನ್ನು ನೆನೆಸಿಕೊಂಡರೆ ಕರಗಿಹೋಗುತ್ತದೆ. ಆದರೆ ಸೊಸೆ ಹೇಳಿದರೆ ಅದು ನಿಮ್ಮ ಮಾತನ್ನು ಮುರಿಸಿದ ಹಾಗೆ, ನೀವೇ ಹೇಳಿದರೆ ಮುಗಿಯಿತು. ಅಲ್ಲಿ ಗೇಟಿನ ಹಸುವಿಗೆ ಇಳಾಳ ಹೆಸರಿನಲ್ಲಿ ಇನ್ನೊಂದು ತುತ್ತು ಕೊಟ್ಟುಬಿಡಿ. ಇಲ್ಲಿಯದು ಸಾಕು ಎಂದು ನಿಮ್ಮ ಬಾಯಿಂದ ಬರಲಿ. ನೆರೆಯವರಿಗೆ ಕೊಟ್ಟ ಮಾತಿಗೆ ತಪ್ಪಿದವಳು ಎಂದು ಅನ್ನಿಸಿಕೊಂಡು, ಅದೇ ರಸ್ತೆಯಲ್ಲಿ ದಿನಾ ತಲೆ ತಗ್ಗಿಸಿ ಕಾರು ಓಡಿಸುತ್ತಿರುವವಳು ನಾನು.

ಇಳಾ ಮಿಸುಕಾಡುತ್ತಿದ್ದಾಳೆ, ಇನ್ನು ಬರೆಯಲು ಬಿಡುವುದಿಲ್ಲ. ಮಾವನಿಗೆ ನಮಸ್ಕಾರ, ವಸಂತಲಕ್ಷ್ಮಿ ಆಂಟಿಗೂ ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ನಿಮ್ಮ
ಗ್ರೀಷ್ಮಾ

ಮತ್ತೆ: ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ. ಇದನ್ನು ಮಾವನಿಗೆ ಓದಿ ಹೇಳಬೇಡಿ. ಕಳೆದ ಶುಕ್ರವಾರ, ಜಯಂತ ಆಫೀಸಿಗೆ ಹೋದ ಮೇಲೆ, ವೆಂಡೆಲ್ ಬಂದರು. ಕೈಯಲ್ಲಿ ಕೋವಿ ಇರಲಿಲ್ಲ. ಬೆಳಿಗ್ಗೆ ತೊರೆಯ ಆಚೆಯಿಂದ ಮನೆಗೆ ಮರಳುವಾಗ, ಆ ಕಲ್ಲಿನ ಹತ್ತಿರ ಕಂದು ಬಣ್ಣದ ಬಗ್ಗಿದ ಬೆನ್ನೊಂದು ಅಲ್ಲಾಡಿತಂತೆ. ಜಿಂಕೆ ದಿನಾ ಅಲ್ಲಿಗೇ ಬರುತ್ತದೆ ಎಂದು ಅವರಿಗೆ ಗೊತ್ತು. ಕೋವಿ ಎತ್ತಿ, ಅದರ ದುರ್ಬೀನಿನಲ್ಲಿ ಕಣ್ಣಿಟ್ಟು, ಟ್ರಿಗರ್ ಮೇಲೆ ಬೆರಳೂ ಇಟ್ಟಿದ್ದರಂತೆ. ಆಗ ಆ ಬೆನ್ನು ನೆಟ್ಟಗಾಯಿತು. ನಿಮ್ಮ ಮಗ. ಅವರು ಅಲ್ಲೇ ಕೋವಿಯ ಗುಂಡು ತೆಗೆದುಬಿಟ್ಟರಂತೆ. ಹೇಳದೆ ಇರಬಹುದಿತ್ತು, ತಾವಾಗಿ ಬಂದು ಹೇಳಿದರು. ಜಯಂತನಿಗೆ ನಾನು ಹೇಳಿಲ್ಲ. ಹೇಳಿದರೆ ಪೊಲೀಸು, ವಕೀಲ, ನಿಜ ಹೇಳಿದ ಮನುಷ್ಯನ ಮೇಲೆಯೇ ಕೇಸು, ಕೊನೆಗೆ ಹಟಕ್ಕೆ ಮತ್ತೆ ಅಲ್ಲಿಗೇ ತಟ್ಟೆ. ಅಂದಿನಿಂದ ಅವನು ಹೊರಗೆ ಕಾಲಿಟ್ಟಾಗಲೆಲ್ಲ ನಾನು ಮಗುವನ್ನೆತ್ತಿಕೊಂಡು, ಆ ಕಿತ್ತಳೆ ವೆಸ್ಟು ಹಾಕಿಕೊಂಡು ಅವನ ಹಿಂದೆ ನಿಲ್ಲುತ್ತಿದ್ದೇನೆ. ಅವನಿಗೆ ಇದು ತಮಾಷೆ. ನೀವು ಓದಿದ ತಕ್ಷಣ ಫೋನು ಮಾಡಿ. ಕೆಟ್ಟ ಕನಸು ಬಿತ್ತು ಎನ್ನಿ, ಶಾಸ್ತ್ರಿಗಳು ಬೇಡವೆಂದರು ಎನ್ನಿ, ಏನಾದರೂ ಎನ್ನಿ. ಮುಂದಿನ ವಾರ ಬೇಟೆ ಮತ್ತೆ ಕೆಲವು ದಿನ ತೆರೆಯುತ್ತದೆ. ಈ ಸಲ ವೆಂಡೆಲ್ ಜೊತೆ ಅವರ ಅಳಿಯಂದಿರೂ ಬರುತ್ತಾರಂತೆ. ಅವರು ಜಯಂತನನ್ನು ಒಮ್ಮೆಯೂ ನೋಡಿದವರಲ್ಲ.