ಹಲಗೆ ಒರೆಸಿದ ಮೇಲೆ

ಸೋಮವಾರ, ಮಧ್ಯಾಹ್ನ

ನಮ್ಮ ಮನೆಯ ಟೀಚರಮ್ಮನಿಗೆ,

ನಿನ್ನತ್ತೆ ಬರೆಯುತ್ತಿರುವುದು. ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಸೂಜಿ ಹಿಡಿದವಳು ನಾನು.

ಈ ಕಾಗದ ಬರಿ ಅಂತ ಕೂರಿಸಿದ್ದು ನಿನ್ನ ಗಂಡ. ನನಗೆ ಹುಷಾರಿಲ್ಲ, ಬೇಗ ಬಾ ಅಂತ ಬರೆಯಬೇಕಂತೆ. ನನಗೇನು ರೋಗ? ಗುಂಡುಕಲ್ಲಿನ ಹಾಗಿದ್ದೀನಿ. ಅವನಿಗೆ ಹೂಂ ಅಂದೆ. ಬರೆಯೋದು ನನಗೆ ತೋಚಿದ್ದು.

ಅವತ್ತು ಟ್ಯೂಷನ್ ಹೊತ್ತಲ್ಲಿ ನಾನು ಬಾಗಿಲ ಹಿಂದೆಯೇ ಯೂನಿಫಾರಂಗೆ ಕಾಜಾ ಹಾಕುತ್ತಾ ಕೂತಿದ್ದೆ. ಎಲ್ಲ ಕೇಳಿಸಿತು. ಆ ಫ್ರೇಸಲ್ ವರ್ಬು ಅನ್ನೋದನ್ನು ಮಕ್ಕಳಿಗೆ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೆ. ಒಂದು ಕ್ರಿಯಾಪದ, ಅದರ ಬಾಲಕ್ಕೊಂದು ಪುಟ್ಟ ಮಾತು, ಎರಡೂ ಸೇರಿ ಒಂದೇ ಕೆಲಸ ಅಂದೆ. ಗಿವ್ ಅಪ್, ಲುಕ್ ಅಟ್ ಅಂತ ಹಲಗೆ ಮೇಲೆ ಬರೆದೆ. ಇವನು ಒಳಗಿಂದ ಬಂದವನೇ ಲುಕ್ ಅಟ್ ಅನ್ನೋದನ್ನು ಅಂಗೈಯಲ್ಲೇ ಒರೆಸಿದ. ಕೂಡಿದ ಮೇಲೆ, ಕೊಡು ಅನ್ನೋ ಗಿವ್ ಕೈಬಿಡು ಆದ ಹಾಗೆ, ಅರ್ಥವೇ ಬೇರೆಯಾದರೆ ಮಾತ್ರ ಲೆಕ್ಕಕ್ಕೆ, ನೋಡು ಅನ್ನೋದು ನೋಡು ಆಗಿಯೇ ಉಳಿದರೆ ಲೆಕ್ಕಕ್ಕಿಲ್ಲ ಅಂದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ನಿಮ್ಮ ಟೀಚರಿಗೇ ಮೊದಲು ಟ್ಯೂಷನ್ ಬೇಕು ಅಂತ ನಕ್ಕ. ಮಕ್ಕಳೂ ನಕ್ಕವು. ನೀನು ಸೀಮೆಸುಣ್ಣ ಕೆಳಗಿಟ್ಟೆ. ಬೆಳಗಾಗುತ್ತಲೇ ಬ್ಯಾಗು ಹಿಡಿದು ತವರಿಗೆ ಹೊರಟೆ.

ಆಮೇಲೆ ಈ ಮಹಾಶಯ ಇದ್ದಬದ್ದ ಗ್ರಾಮರ್ ಪುಸ್ತಕವನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಕೂತ. ಒಂದರಲ್ಲಿ ಅವನು ಹೇಳಿದ ಹಾಗೆ, ಇನ್ನೊಂದರಲ್ಲಿ ನೀನು ಹೇಳಿದ ಹಾಗೆ ಇದೆಯಂತೆ. ಬರೆದವರಿಗೇ ಒಮ್ಮತವಿಲ್ಲ ಕಣಮ್ಮ ಅಂತ ಗೊಣಗಿದ. ಹಾಗಾದರೆ ಅದನ್ನೇ ಮಕ್ಕಳ ಮುಂದೆ ಹೇಳೋ ಅಂದೆ. ಮುಖ ಊದಿಸಿಕೊಂಡು ಎದ್ದುಹೋದ.

ನನಗೆ ಸಾಕಾಗಿದೆ. ನಿಮ್ಮ ಮದುವೆಯಾದಾಗಿನಿಂದ ಇಬ್ಬರ ಮಧ್ಯೆ ತೇಪೆ ಹಾಕಿ ಹಾಕಿ ಬೆರಳು ಸವೆದಿದೆ. ಯಾವುದು ಸರಿಯೋ ನನಗೆ ಬೇಕಿಲ್ಲ. ಒರೆಸಿದವನೇ ಅದೇ ಹಲಗೆ ಮುಂದೆ, ಅದೇ ಮಕ್ಕಳೆದುರು ತಪ್ಪಾಯ್ತು ಅನ್ನಬೇಕು. ಅಲ್ಲಿವರೆಗೆ ಬರಬೇಡ. ನಾನೇ ಕರೆದರೂ ಬರಬೇಡ. ಪಕ್ಕದ ಮನೆಯವಳಿಗೆ, ನಿಮ್ಮಮ್ಮನಿಗೆ ಮಂಡಿನೋವು, ಅದಕ್ಕೇ ಹೋಗಿದ್ದಾಳೆ ಅಂತ ಹೇಳಿದ್ದೀನಿ. ಅವಳೇನಾದರೂ ಆ ಕಡೆ ಬಂದರೆ ನಿಮ್ಮಮ್ಮ ಸ್ವಲ್ಪ ಕುಂಟಲಿ.

ಇಂತಿ ನಿನ್ನ
ಸಿಡುಕಿ ಅತ್ತೆ

ತಾ.ಕ. ಇವತ್ತು ಬುಧವಾರ. ಕಾಗದ ಇನ್ನೂ ದಿಂಬಿನಡಿಯಲ್ಲೇ ಇದೆ. ಹುಷಾರಿಲ್ಲ ಅಂತ ಬರೆಸಹೊರಟವನು ಅವನೇ ತಾನೆ, ಅದಕ್ಕೇ ಸೋಮವಾರದಿಂದ ಕಂಬಳಿ ಹೊದ್ದು ಮಲಗಿಯೇಬಿಟ್ಟಿದ್ದೀನಿ. ಗಂಜಿ ಅವನೇ ಕಾಯಿಸುತ್ತಾನೆ, ದಿನಾ ತಳ ಹತ್ತಿಸುತ್ತಾನೆ. ಇವತ್ತು ಟ್ಯೂಷನ್ನಿನ ಹುಡುಗಿಯೊಬ್ಬಳು, ಲುಕ್ ಅಟ್ ಲೆಕ್ಕಕ್ಕುಂಟಾ ಇಲ್ವಾ ಸಾರ್ ಅಂತ ಕೇಳಿದಳು. ಇವನು, ಟೀಚರ್ ಬಂದ ಮೇಲೆ ಅವರನ್ನೇ ಕೇಳು ಅಂದ. ಕಂಬಳಿಯೊಳಗಿಂದಲೇ ಕೇಳಿಸಿಕೊಂಡೆ. ಸಾಲದು. ತಪ್ಪಾಯ್ತು ಅನ್ನೋ ಮಾತು ಇನ್ನೂ ಬಾಯಿಂದ ಬಿದ್ದಿಲ್ಲ, ಬೀಳೋವರೆಗೂ ನಾನು ಏಳಲ್ಲ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕೋಕೂ ಅವನನ್ನೇ ಕಳಿಸ್ತೀನಿ. ಮಲಗಿದ ಮೇಲೆ ಗೊತ್ತಾಯ್ತು ಮಗಳೇ, ನನಗೆ ನಿಜವಾಗಿಯೂ ತುಂಬಾ ಸುಸ್ತಾಗಿದೆ.