ಕಪ್ಪೆಯ ಐದನೇ ಬೆರಳು

ಬಾತುವಾನ್, ಆಗಸ್ಟ್ 14, ಗುರುವಾರ

ಕೊಬ್ಬಲ್ಲ ದೊಡ್ಡಪ್ಪ, ನಂಗೆ ಯಾವ ಕೊಬ್ಬೂ ಇಲ್ಲ. ಕಪ್ಪೆ ಮುಂಗಾಲಲ್ಲಿ ಇರೋದೇ ನಾಕು ಬೆರಳು. ಬೇಕಾದ್ರೆ ಗದ್ದೆಗೆ ಹೋಗಿ ಒಂದು ಹಿಡಿದು ಎಣಿಸು.

"ಅಜ್ಜನ ಕಪ್ಪೆಗೆ ಐದು ಕಣೋ ಸುದಿತ. ಅಜ್ಜನ್ನೇ ತಿದ್ದೋಕೆ ನೀನ್ಯಾವ ದೊಡ್ಡ ಮನುಷ್ಯ? ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು" ಅಂದ ದೊಡ್ಡಪ್ಪ.

ನಾಳೆ ಅಜ್ಜನ ನೆನಪಿಗೆ ಪ್ರದರ್ಶನ. ಅಜ್ಜನ ಕೊನೇ ಚಿತ್ರಾನ ಶಿಷ್ಯರು ಒಂಬತ್ತು ಜನ ನಕಲು ಮಾಡಿ ನೇತುಹಾಕಿದೀವಿ. ನನ್ನ ಕಪ್ಪೆಗೆ ಮಾತ್ರ ನಾಕು, ಉಳಿದ ಎಂಟು ಕಪ್ಪೆಗೂ ಐದೈದು ಬೆರಳು. ಭಕ್ತಿಯಿಂದ ಬರೆದಿದಾರೆ, ಥೂ.

ಅಜ್ಜನ ಆ ಕೊನೇ ಚಿತ್ರ ಬರೆದಿದ್ದೇ ನಾನು. ಅಜ್ಜನ ಕೈ ನಡುಗ್ತಿತ್ತು. ಇಲ್ಲಿ ಗುರು ಗೆರೆ ಎಳೀತಾನೆ, ಶಿಷ್ಯರು ಮಸಿ ತುಂಬ್ತಾರೆ, ಅದು ಊರಿಗೇ ಗೊತ್ತು. ಆದ್ರೆ ಇದ್ರಲ್ಲಿ ಗೆರೆನೂ ನಂದೇ. ಅಜ್ಜ ಹೆಸರು ಹಾಕಿದ್ದು ಅಷ್ಟೇ. ಐದನೇ ಬೆರಳು ನಾನು ತೂಕಡಿಸ್ತಾ ಎಳೆದ ತಪ್ಪು. ಆಗ ನಂಗೆ ಹದಿನಾಲ್ಕು. "ಯಾರಿಗೂ ಹೇಳ್ಬೇಡ ಮಗಾ" ಅಂದಿದ್ದ ಅಜ್ಜ.

ಇವತ್ತು ಬಾಯಿ ತನಕ ಬಂದಿತ್ತು. ಪಕ್ಕದಲ್ಲೇ ಅಜ್ಜಿ, ದಿನಾ ಇಡೋ ಹಾಗೆ ಆ ಚಿತ್ರದ ಮುಂದೆ ಹೂವಿನ ದೊನ್ನೆ ಇಡ್ತಿದ್ಲು. "ಜಗಳ ಸಾಕು, ನಿಮ್ಮಜ್ಜ ಕೇಳಿಸ್ಕೊಳ್ತಾರೆ" ಅಂದ್ಲು. ಹೇಳಿದ್ರೆ ಅಜ್ಜಿ ಏನಾಗ್ತಾಳೆ? ಹೇಳದಿದ್ರೆ ನಾನು ಏನಾಗ್ಲಿ?

ದೊಡ್ಡಪ್ಪನ ಕೈಯಿಂದ ಕುಂಚ ಕಿತ್ಕೊಂಡು ನನ್ನ ಕಪ್ಪೆಗೂ ಐದನೇ ಬೆರಳು ಎಳೆದೆ. ಅದೇ ಜಾಗ, ಅದೇ ಸೊಟ್ಟ.

ದೊಡ್ಡಪ್ಪ ಕಣ್ಣೊರೆಸ್ಕೊಂಡ. "ಈಗ ಬಂತು ನೋಡಮ್ಮ, ಅಪ್ಪನ ಕೈ!"

ಕುಂಚ ಅವನ ಕಾಲ ಹತ್ರ ಎಸೆದು ಹೊರಗೆ ಬಂದೆ. ಬಾಗಿಲು ಬಡಿದ ರಭಸಕ್ಕೆ ಒಳಗೆ ಅಷ್ಟೂ ಕಪ್ಪೆ ಅಲ್ಲಾಡಿರಬೇಕು.