ಮೋಟಾರು ಮನೆಯಲ್ಲಿ, ಗುಂಡಿ ಬೆಂಗಳೂರಿನಲ್ಲಿ

ಗೃಹ ವಿದ್ಯುತ್ ಉಳಿತಾಯ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ಮನೆಯ ಮೋಟಾರನ್ನು ನಾನೇ, ನನ್ನ ಕೈಯಿಂದಲೇ ಚಾಲೂ ಮಾಡಿದ್ದೇನೆ ಎಂಬುದು ತಾವು ಕಳಿಸಿದ ನೋಟಿಸಿನ ಆರೋಪ. ಒಪ್ಪಿಕೊಂಡೆ. ಬಲಗೈ, ತೋರುಬೆರಳು, ಹಸಿರು ಗುಂಡಿ, ಹಗಲು ಹನ್ನೆರಡು ಗಂಟೆ ಹತ್ತು ನಿಮಿಷ. ಏಳು ದಿನದೊಳಗೆ ಮೋಟಾರು ನಡೆಸುವ ತಮ್ಮ ಪೆಟ್ಟಿಗೆಯನ್ನು ಮೊದಲಿನಂತೆ ಜೋಡಿಸದಿದ್ದರೆ ಮನೆಯ ಕರೆಂಟು ಕಡಿಯುವುದಾಗಿ ಬರೆದಿದ್ದೀರಿ. ಅದರಲ್ಲಿ ನಾಲ್ಕು ದಿನ ಕಳೆದವು. ಮನೆಯಲ್ಲಿ ಬಾಣಂತಿ ಇದ್ದಾಳೆ. ಆದ್ದರಿಂದ ಉತ್ತರವನ್ನು ತಮ್ಮೊಬ್ಬರ ಮೇಜಿಗೆ ಕಳಿಸದೆ ಪತ್ರಿಕೆಗೆ ಕೊಟ್ಟು ಊರಿಗೆಲ್ಲ ಓದಿಸುತ್ತಿದ್ದೇನೆ.

ಕೊಟ್ಟೂರಿನಲ್ಲಿ ನನ್ನದು ಮೆಕ್ಕೆಜೋಳದ ಅಂಗಡಿ. ಅದಕ್ಕೂ ಮೊದಲು ಹರಪನಹಳ್ಳಿ ಮಾರ್ಕೆಟ್ಟಿನಲ್ಲಿ ಅದೇ ಜೋಳದ ಚೀಲ ಬೆನ್ನ ಮೇಲೆ ಹೊತ್ತವನು. ಓದು ಏಳನೆಯ ಇಯತ್ತೆ, ಉಳಿದದ್ದೆಲ್ಲ ತಕ್ಕಡಿ ಕಲಿಸಿದ್ದು. ಹಿತ್ತಲಿನ ಬೋರಿಗೆ ಪ್ರತ್ಯೇಕ ಕರೆಂಟು ಬೇಕೆಂದು ಅರ್ಜಿ ಹಾಕಿದಾಗ, ತಮ್ಮ ಯೋಜನೆಯ ಪೆಟ್ಟಿಗೆ ಹಾಕಿಸಿಕೊಂಡರೆ ಮಾತ್ರ ಮಂಜೂರು ಎಂದಿರಿ. ಹಾಕಿಸಿಕೊಂಡೆ. ಪೆಟ್ಟಿಗೆ ಮಾಡುವ ಕಂಪನಿಯವರು ನನ್ನ ಹಳೆಯ ಗುಂಡಿಯ ಸ್ಟಾರ್ಟರ್ ಬಿಚ್ಚಿ ಕೆಳಗಿಟ್ಟು, ಇನ್ನು ಇದು ಗುಜರಿಗೆ ಎಂದು ನಕ್ಕರು. ನಾನು ಅದನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹಮಾಲಿ ಮಾಡಿ ಬಂದವನು ಯಾವುದನ್ನೂ ಬಿಸಾಡುವುದಿಲ್ಲ.

ಪೆಟ್ಟಿಗೆಯ ವೈಭವವನ್ನು ಓದುಗರಿಗೂ ಹೇಳಬೇಕು. ಅದಕ್ಕೆ ಗುಂಡಿ ಇಲ್ಲ. ಮೊಬೈಲಿನಿಂದ ಮಿಸ್ಡ್ ಕಾಲ್ ಕೊಡಬೇಕು. ಅದು ಬೆಂಗಳೂರಿನ ಕಂಪನಿಗೆ ಹೋಗಿ, ಅಲ್ಲಿಂದ ಅಪ್ಪಣೆ ಹೊರಟು ನಮ್ಮ ಹಿತ್ತಲಿಗೆ ಬರಬೇಕು. ಅಡುಗೆಮನೆಯಿಂದ ಮೋಟಾರಿಗೆ ಹದಿನಾಲ್ಕು ಹೆಜ್ಜೆ, ನಾನೇ ಎಣಿಸಿದ್ದೇನೆ. ಇಷ್ಟಲ್ಲದೆ ಪೆಟ್ಟಿಗೆಯ ನೆತ್ತಿಯ ಕೆಳಗೆ ಒಂದು ಗಾಜಿನ ಕಣ್ಣು. ಅದಕ್ಕೆ ಬೆಳಕು ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ರಾತ್ರಿ ಮೋಟಾರು ನಡೆಸಬಾರದು. ಕರೆಂಟು ಉಳಿಯಲಿ ಎಂಬ ತಮ್ಮ ಉದ್ದೇಶಕ್ಕೆ ನನ್ನ ತಕರಾರಿಲ್ಲ.

ಈ ಸಲ ಆಯುಧಪೂಜೆಯ ದಿನ ನನ್ನ ಹೆಂಡತಿ ನಾಗಲಿಂಗಮ್ಮ ತಕ್ಕಡಿ, ಸೈಕಲ್ಲು, ಕುಡುಗೋಲು, ಮಿಕ್ಸಿ ಎಲ್ಲಕ್ಕೂ ವಿಭೂತಿ ಹಚ್ಚಿದಳು. ಪೆಟ್ಟಿಗೆಗೂ ಹಚ್ಚಿದಳು. ಹಣೆ ಇರಬೇಕಾದ ಜಾಗದಲ್ಲಿ, ಮೂರು ಬೆರಳು ಎಳೆದು, ದಪ್ಪಗೆ. ಆ ಜಾಗದಲ್ಲೇ ಕಣ್ಣಿತ್ತು. ಆಮೇಲೆ ತಪಾಸಣೆಗೆ ಬಂದವರ ಮಾತು ಕೇಳಿ ನೋಟಿಸಿನಲ್ಲಿ ತಾವು ಇದನ್ನು 'ಬೂದಿಯಂಥ ಪುಡಿ ಬಳಿದು ಯಂತ್ರವನ್ನು ವಂಚಿಸುವ ಯತ್ನ' ಎಂದಿದ್ದೀರಿ. ಅದೇ ದಿನ ತಮ್ಮ ಕಚೇರಿಯ ಜೀಪಿಗೂ ಬಾಳೆಕಂಬ ಕಟ್ಟಿ, ವಿಭೂತಿ ಬಳಿದು, ಮುಂದೆ ಕುಂಬಳಕಾಯಿ ಒಡೆದದ್ದನ್ನು ನಾನೇ ನೋಡಿದ್ದೇನೆ. ಮರುದಿನ ಆ ಜೀಪು, ನನಗಿನ್ನೂ ಬೆಳಗಾಗಿಲ್ಲ ಎಂದು ಡ್ರೈವರನನ್ನು ಕೆಳಗಿಳಿಸಿತೇ?

ಮರುದಿನ ಬನ್ನಿ ಹಬ್ಬ. ಮಗಳು ಅರ್ಚನಾ ಹಡೆದು ಹದಿಮೂರು ದಿನ. ಅವಳಿಗೆ ನೀರೆರೆಯಲು ಅಂಜಿನಕ್ಕ ಬಂದಿದ್ದಳು. ನಾನು ಹುಟ್ಟಿದಾಗ ನಮ್ಮವ್ವನಿಗೂ ನೀರೆರೆದ ಮುದುಕಿ. ಬಾಣಂತಿ ನೀರು ಎಂದರೆ ಅವಳ ಲೆಕ್ಕದಲ್ಲಿ ಹದಿನೆಂಟು ಕೊಡ, ಒಂದು ಕಡಿಮೆಯಾದರೂ ಎದ್ದು ಹೋಗುವವಳು. ತೊಟ್ಟಿ ಖಾಲಿ. ನಳದ ನೀರು ವಾರಕ್ಕೊಮ್ಮೆ. ನಾನು ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಕೊಟ್ಟೆ. ಮೋಟಾರು ಉಸಿರೆತ್ತಲಿಲ್ಲ. ಹಬ್ಬದ ವಿಭೂತಿ ಒರೆಸಬೇಡಿರೆಂದು ನಾಗಲಿಂಗಮ್ಮ ಅಡ್ಡ ಬಂದಳು, ಆದರೂ ಪಂಚೆಯ ಚುಂಗಿನಿಂದ ಒರೆಸಿದೆ. ಏನೂ ಆಗಲಿಲ್ಲ. ಹಗಲೆಲ್ಲ ಕತ್ತಲೆ ಕಂಡರೆ ಪೆಟ್ಟಿಗೆಗೆ ಅನುಮಾನ ಬಂದು ತಾನೇ ಬೀಗ ಹಾಕಿಕೊಳ್ಳುತ್ತದಂತೆ. ಬೀಗ ತೆಗೆಯುವ ನಂಬರು ಕಂಪನಿಯ ಹತ್ತಿರ.

ಫೋನು ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ನಿಮ್ಮ ಮನೇಲಿ ಈಗ ರಾತ್ರಿ ಅಂತ ತೋರಿಸ್ತಿದೆ. ರಾತ್ರಿ ಹೊತ್ತು ನಂಬರ್ ಕೊಡೋ ಹಾಗಿಲ್ಲ."

"ಯವ್ವಾ, ನಾ ಹಿತ್ತಲದಾಗ ನಿಂತೀನಿ. ಹನ್ನೊಂದು ಗಂಟಿ ಆಗೇತಿ, ನೆತ್ತಿ ಸುಡಾಕತ್ತೈತಿ."

"ಅರ್ಥ ಆಗುತ್ತೆ ಸರ್. ನಿಮ್ಮಲ್ಲಿ ಬೆಳಗಾದ ಮೇಲೆ ಒಂದ್ಸಲ ಫೋನ್ ಮಾಡಿ."

ಅಷ್ಟರಲ್ಲಿ ಅಂಜಿನಕ್ಕ ಬರಿ ಹಂಡೆಯ ಕೆಳಗಿನ ಉರಿಗಟ್ಟಿಗೆ ಹೊರಗೆಳೆದು, ಸೊಂಟದ ಮೇಲೆ ಕೈಯಿಟ್ಟು ಬಂದಳು. ನಾನು ಪೆಟ್ಟಿಗೆಯ ಮಹಿಮೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಲೇ ಬೆನಕಾ, ಹಗ್ಗ ಯಾರ ಕೈಯಾಗ ಇರತೈತೋ ಬಾವಿ ಅವರದು. ನೀ ಹಗ್ಗಾನ ಬೆಂಗ್ಳೂರಿಗಿ ಕೊಟ್ಟು, ಇಲ್ಲಿ ಬರಿ ಕೊಡ ಹಿಡಕೊಂಡು ನಿಂತೀಯಲ್ಲೋ."

ಫೋನು ಜೇಬಿಗಿಟ್ಟು ಚಪ್ಪಲಿ ಮೆಟ್ಟಿದೆ. ಮೋಟಾರು ರಿಪೇರಿಯ ಕರಿಸಿದ್ದಪ್ಪನನ್ನು ಹಬ್ಬದೂಟದಿಂದ ಎಬ್ಬಿಸಿ ತಂದೆ. ಅಟ್ಟದಿಂದ ಗೋಣಿ ಇಳಿಯಿತು, ಪೆಟ್ಟಿಗೆ ಬಿಚ್ಚಿದ ಜಾಗದಲ್ಲಿ ಹಳೆಯ ಸ್ಟಾರ್ಟರ್ ಕೂತಿತು. ಹಸಿರು ಗುಂಡಿ ಒತ್ತಿದೆ. ನೀರು ಬಂತು. ಅಂಜಿನಕ್ಕ ಹದಿನೆಂಟರ ಮೇಲೆ ಸಿಟ್ಟಿಗೆ ಇನ್ನೆರಡು ಕೊಡ ಎರೆದಳು.

ಈಗ ನನ್ನ ವಾದ ಕೇಳಿ. ವರ್ಷಕ್ಕೊಮ್ಮೆ ಸರ್ಕಾರದವರು ಬಂದು ನನ್ನ ತೂಕದ ಕಲ್ಲುಗಳಿಗೆ ಮುದ್ರೆ ಒತ್ತುತ್ತಾರೆ. ಒತ್ತಲಿ. ಆದರೆ ಕಲ್ಲನ್ನು ತಕ್ಕಡಿಗೆ ಇಡುವ ಕೈ ನನ್ನದೇ. ಮುದ್ರೆ ತಮ್ಮದಿರಲಿ, ಕೈ ನಮ್ಮದಿರಲಿ ಎಂದರೆ ಅಪರಾಧವೇ? ನಮ್ಮ ಮನೆ ಯಾವ ದಿನ ಎಷ್ಟು ಹೊತ್ತು ನೀರೆತ್ತಿತು ಎಂಬ ಲೆಕ್ಕ ಕಂಪನಿಯಲ್ಲಿದೆ, ನಾನು ಕೇಳಿದರೆ ಕೊಡುವುದಿಲ್ಲ. ನಾಳೆ ಆ ಕಂಪನಿ ಬಾಗಿಲು ಹಾಕಿದರೆ ನಾನು ಯಾರಿಗೆ ಮಿಸ್ಡ್ ಕಾಲ್ ಕೊಡಲಿ? ನನ್ನ ಬೀದಿಯಲ್ಲೇ ನಾಲ್ಕು ಅಂಗಡಿ ಬಾಗಿಲು ಹಾಕಿದ್ದನ್ನು ನೋಡಿದ್ದೇನೆ, ಬೋರ್ಡುಗಳು ಮಾತ್ರ ಇನ್ನೂ ಹೊಳೆಯುತ್ತಿವೆ. ಅಳತೆ ಮಾಡಲು, ಎಚ್ಚರಿಸಲು ಪೆಟ್ಟಿಗೆ ಇರಲಿ. ಮನೆಯಲ್ಲಿ ನಿಂತವರಿಗಿಂತ ಮೇಲಿನ ಯಜಮಾನಿಕೆ ಅದಕ್ಕೇಕೆ?

ಆದ್ದರಿಂದ ನೋಟಿಸು ವಾಪಸು ಪಡೆಯಿರಿ. ತಮ್ಮ ಪ್ರತಿ ಪೆಟ್ಟಿಗೆಗೂ ಒಂದು ಹಸಿರು, ಒಂದು ಕೆಂಪು ಗುಂಡಿ ಇಡಿಸಿ, ನಾಗಲಿಂಗಮ್ಮನ ಕೈಗೆಟುಕುವ ಎತ್ತರದಲ್ಲಿ. ಅಲ್ಲಿಯವರೆಗೆ ಹಳೆಯ ಸ್ಟಾರ್ಟರ್ ಕದಲುವುದಿಲ್ಲ. ಕಡಿಯಲೇಬೇಕೆಂದಿದ್ದರೆ ಲೈನ್‌ಮನ್ ಒಬ್ಬನನ್ನೇ ಕಳಿಸಬೇಡಿ, ತಾವೂ ಬನ್ನಿ. ಬೆಳಗಿನ ಒಂಬತ್ತಕ್ಕೆ ಬಂದರೆ ಒಳ್ಳೆಯದು, ಅಂಜಿನಕ್ಕ ಇರುತ್ತಾಳೆ. ಹಾಂ, ನಿನ್ನೆ ಮತ್ತೆ ಆ ಹುಡುಗಿಗೆ ಫೋನು ಮಾಡಿದ್ದೆ. ದಾಖಲೆ ಇನ್ನೂ ಬದಲಾಗಿಲ್ಲವಂತೆ.

ಇಂತಿ,
ಸರ್ಕಾರಿ ಲೆಕ್ಕದಲ್ಲಿ ಹಬ್ಬದ ದಿನದಿಂದ ಇನ್ನೂ ಬೆಳಗು ಕಾಣದ,
ಬೆನಕಪ್ಪ
ಕೊಟ್ಟೂರು, ಅಕ್ಟೋಬರ್ 2008, ಹಗಲು ಮೂರು ಗಂಟೆ